ಸರಣಿ ಮುಗಿದಾಗ ಮುಗಿಯುವುದೇನು?

ವರ್ಷಗಟ್ಟಲೆ ಓದಿಕೊಂಡು ಬಂದ ಕಾದಂಬರಿ ಸರಣಿಯ ಕೊನೆಯ ಪುಸ್ತಕ ಕೈಗೆ ಸಿಕ್ಕಾಗ, ತೆರೆಯಲು ಮನಸ್ಸಾಗದೆ ಹಾಗೇ ಇಟ್ಟವರು ನಮ್ಮಲ್ಲೂ ಇರಬಹುದು. ಓದಿಬಿಟ್ಟರೆ ಮುಗಿದೇ ಹೋಯಿತಲ್ಲ ಎಂಬ ಅಳುಕು. ಆದರೆ ನಿಜವಾಗಿ ಮುಗಿಯುವುದೇನು? ಉರ್ದು ಲೇಖಕ ಇಬ್ನೆ ಸಫಿಯವರ ಉದಾಹರಣೆಯಿಂದ ನೋಡೋಣ.

ಇಬ್ನೆ ಸಫಿ ಎಂಬುದು ಅಸ್ರಾರ್ ಅಹ್ಮದ್ ಅವರ ಕಾವ್ಯನಾಮ. 1952ರಲ್ಲಿ ಅವರ ‘ಜಾಸೂಸಿ ದುನಿಯಾ’ ಪತ್ತೇದಾರಿ ಸರಣಿ ಅಲಹಾಬಾದಿನಲ್ಲಿ ಶುರುವಾಯಿತು. ಅಶ್ಲೀಲತೆಯಿಲ್ಲದೆ ಜನಪ್ರಿಯ ಪುಸ್ತಕ ಮಾರಾಟವಾಗದು ಎಂಬ ಮಾತಿಗೆ ಅದು ಅವರ ಉತ್ತರವಾಗಿತ್ತು. ಅದೇ ವರ್ಷ ಅವರು ಕರಾಚಿಗೆ ಹೋದರೂ ಪುಸ್ತಕಗಳು ಗಡಿಯ ಎರಡೂ ಕಡೆ ಬಂದವು. 1955ರಲ್ಲಿ ‘ಇಮ್ರಾನ್ ಸರಣಿ’ ಆರಂಭವಾಯಿತು. ಎರಡರಲ್ಲೂ ನೂರಕ್ಕೂ ಹೆಚ್ಚು ಕಾದಂಬರಿಗಳಿವೆ. 1960ರ ನಂತರ ಕಾಯಿಲೆಯಿಂದ ಸುಮಾರು ಮೂರು ವರ್ಷ ಲೇಖನಿ ನಿಂತಿತು. ಚೇತರಿಸಿಕೊಂಡು 1963ರಲ್ಲಿ ‘ಡೇಢ್ ಮತ್ವಾಲೆ’ಯೊಂದಿಗೆ ಮರಳಿದರು. 1980ರ ಜುಲೈ 26ರಂದು ಅವರು ತೀರಿಕೊಂಡರು.

ಹ್ಯಾರಿ ಪಾಟರ್‌ನ 7 ಪುಸ್ತಕಗಳಲ್ಲಿ (1997–2007) ಒಂದೇ ದೊಡ್ಡ ಪ್ರಶ್ನೆ ಬೆಳೆಯುತ್ತಾ ಹೋಗುತ್ತದೆ. ಕೊನೆಯ ಪುಸ್ತಕ ಅದಕ್ಕೆ ಉತ್ತರ ಕೊಡುತ್ತದೆ. ಇಬ್ನೆ ಸಫಿಯವರಲ್ಲಿ ಹಾಗಲ್ಲ. ಒಂದು ಪ್ರಕರಣ ಹೆಚ್ಚಾಗಿ ಒಂದೋ ಕೆಲವೋ ಪುಸ್ತಕಗಳಲ್ಲಿ ಬಗೆಹರಿಯುತ್ತದೆ. ಮುಂದುವರಿಯುವುದು ಕರ್ನಲ್ ಫರೀದಿ, ಕ್ಯಾಪ್ಟನ್ ಹಮೀದ್, ಇಮ್ರಾನ್ ಎಂಬ ವ್ಯಕ್ತಿಗಳು. ಇಂಥ ಸರಣಿಗೆ ಕಥೆಯೊಳಗಿನಿಂದ ಕೊನೆ ಬರಬೇಕಿಲ್ಲ. ಲೇಖಕನ ಕೈ ನಿಂತಾಗ ಅದು ನಿಲ್ಲುತ್ತದೆ.

ಹಾಗಾದರೆ ಬೇರೆಯವರು ಮುಂದುವರಿಸಿದರೆ? ಇಮ್ರಾನನನ್ನು ಇಟ್ಟುಕೊಂಡು ಅನೇಕರು ಬರೆದರು. ಹೆಸರು ಅದೇ, ಧ್ವನಿ ಬೇರೆ. ಉತ್ತರ ಇಲ್ಲಿಯೇ ಇದೆ: ಮುಗಿಯುವುದು ಪಾತ್ರವೂ ಅಲ್ಲ, ಕಥೆಯೂ ಅಲ್ಲ, ಕಥೆ ಹೇಳುತ್ತಿದ್ದ ಆ ಧ್ವನಿ. ನಮಗೆ ಬೇಸರವಾಗುವುದೂ ಅದಕ್ಕೇ.

ಆದರೆ ಆ ಧ್ವನಿ ಹಳೆಯ ಪುಟಗಳಲ್ಲಿ ಹಾಗೇ ಉಳಿದಿದೆ. ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಕೊನೆಯ ಪುಸ್ತಕವನ್ನು ಹೆದರದೆ ಓದಿ. ಮುಗಿಸಿದ ಮೇಲೆ ಮೊದಲನೆಯದಕ್ಕೆ ಮರಳಿ. ಮೊದಲ ಓದಿನಲ್ಲಿ ‘ಅಪರಾಧಿ ಯಾರು?’ ಎಂದು ಹುಡುಕಿದ್ದಿರಿ. ಈಗ ಲೇಖಕರು ಸುಳಿವನ್ನು ಎಲ್ಲಿ ಬಚ್ಚಿಟ್ಟಿದ್ದರು ಎಂದು ಹುಡುಕಿ. ಅಂದು ನಕ್ಕ ಸಾಲಿಗೆ ಇಂದು ನಗು ಬರುತ್ತದೆಯೇ, ಗಮನಿಸಿ. ಬಾರದಿದ್ದರೆ ಬದಲಾದದ್ದು ಪುಸ್ತಕವಲ್ಲ, ನೀವು. ಅದನ್ನು ಅರ್ಧ ಪುಟದಲ್ಲಿ ಬರೆದಿಡಿ.