ಹಂಚಿಕೊಂಡ ಅಲೆಗಳು: ಶಾಲೆಯೊಂದು ತನ್ನದೇ ಫೋನ್ ಜಾಲ ಕಟ್ಟಿದ ಬಗೆ

2020ರ ಮಳೆಗಾಲವನ್ನು ನಮ್ಮ ವಿದ್ಯಾರ್ಥಿಗಳ ತಂದೆತಾಯಂದಿರು ಮರೆತಿರಲಾರರು. ಶಾಲೆಯ ಬಾಗಿಲು ಮುಚ್ಚಿತ್ತು. ಪಾಠವು ಫೋನಿನೊಳಗೆ ಸೇರಿತ್ತು. ಆದರೆ ಗುಡ್ಡದ ತಪ್ಪಲಿನ ಮನೆಗಳಲ್ಲಿ, ನಮ್ಮ ಕಾಸರಗೋಡಿನವರು ಹೇಳುವಂತೆ, ‘ರೇಂಜ್’ ಇರಲಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೊಡೆ ಹಿಡಿದು ಗೇರುಗುಡ್ಡದ ನೆತ್ತಿಯಲ್ಲಿ ಕುಳಿತು, ನಾವು ಕಳುಹಿಸಿದ ವ್ಯಾಕರಣದ ಪ್ರಶ್ನೆಗಳಿಗೆ ಉತ್ತರ ಬರೆದಳು. ಸಂಧಿಯಲ್ಲಿ ಎರಡು ತಪ್ಪುಗಳಿದ್ದವು. ಅಂಕ ಕಳೆಯಲು ನಮಗೆ ಮನಸ್ಸಾಗಲಿಲ್ಲ.

ಅದೇ ವರ್ಷ ಅಮೆರಿಕದ ಯೂಟಾ ರಾಜ್ಯದ ಮರ್ರಿ ಎಂಬ ಪಟ್ಟಣದ ಶಾಲಾ ಆಡಳಿತಕ್ಕೂ ಇಂಥದೇ ಕಷ್ಟ ಬಂದಿತ್ತು. ಮನೆಯಲ್ಲಿ ಇಂಟರ್ನೆಟ್ ಇಲ್ಲದ ಮಕ್ಕಳು ಅಲ್ಲಿಯೂ ಇದ್ದರು. ಅವರು ಫೋನ್ ಕಂಪೆನಿಯ ದಾರಿ ಕಾಯಲಿಲ್ಲ. ಶಾಲೆಯ ಕಟ್ಟಡಗಳ ಮೇಲೆ ತಮ್ಮದೇ ಆ್ಯಂಟೆನಾಗಳನ್ನು ನಿಲ್ಲಿಸಿ, ಮಕ್ಕಳ ಮನೆಗಳಿಗೆ ಅಲೆಗಳನ್ನು ಕಳುಹಿಸಲು ಹೊರಟರು. ಇದು ಹೇಗೆ ಸಾಧ್ಯವಾಯಿತೆಂದು ಓದಿ ತಿಳಿಯುವ ಆಸೆ ನಮಗೂ ಹುಟ್ಟಿತು. ಪ್ರತ್ಯಯ, ಸಮಾಸ ಕಲಿಸುವವರಿಗೆ ಇದೆಲ್ಲ ಏಕೆಂದು ವಿಜ್ಞಾನದ ಅಧ್ಯಾಪಕರು ನಕ್ಕರು; ಅವರಿಂದಲೇ ಅರ್ಧ ವಿಷಯವನ್ನು ಕೇಳಿ ತಿಳಿದೆವು.

ಫೋನು ಮಾತನಾಡುವುದು ರೇಡಿಯೋ ಅಲೆಗಳ ಮೂಲಕ. ಒಂದು ಸೆಕೆಂಡಿನಲ್ಲಿ ಅಲೆ ಎಷ್ಟು ಸಲ ಕಂಪಿಸುತ್ತದೆ ಎಂಬುದೇ ಅದರ ಕಂಪನಾಂಕ. ಒಂದೇ ಕಡೆ ಇಬ್ಬರು ಒಂದೇ ಕಂಪನಾಂಕದಲ್ಲಿ ಬಲವಾಗಿ ಕಳುಹಿಸಿದರೆ ಒಬ್ಬರ ಮಾತು ಇನ್ನೊಬ್ಬರ ಮಾತಿನಲ್ಲಿ ಕಲಸಿಹೋಗುತ್ತದೆ. ಆದ್ದರಿಂದ ಸರ್ಕಾರಗಳು ಕಂಪನಾಂಕಗಳನ್ನು ಹೊಲದಂತೆ ಅಳೆದು ಪಟ್ಟಿಪಟ್ಟಿಯಾಗಿ ಹಂಚುತ್ತವೆ, ಹಲವು ಪಟ್ಟಿಗಳನ್ನು ಏಲಂ ಹಾಕುತ್ತವೆ. ಕೋಟಿಗಟ್ಟಲೆ ಹಣ ಕೊಡಬಲ್ಲ ಕಂಪೆನಿಗಳಿಗೆ ಅವು ದೊರೆಯುತ್ತವೆ. ಶಾಲೆ, ಆಸ್ಪತ್ರೆ, ಕಾರ್ಖಾನೆಗಳಿಗೆ ಅಲ್ಲಿ ಜಾಗವಿಲ್ಲ.

ಅಮೆರಿಕದಲ್ಲಿ 3550ರಿಂದ 3700 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಬಹುಕಾಲದಿಂದ ನೌಕಾಪಡೆಯ ರಾಡಾರುಗಳು ಬಳಸುತ್ತಿದ್ದವು. ವಿಮಾನವಾಹಕ ನೌಕೆಗೆ ಮರಳುವ ವಿಮಾನಗಳಿಗೆ ದಾರಿ ತೋರಲು ಇಂಥ ರಾಡಾರು ಬೇಕು. ಆದರೆ ಹಡಗು ಎಲ್ಲ ಕಡಲತೀರದಲ್ಲೂ ಎಲ್ಲ ಕಾಲದಲ್ಲೂ ಇರುವುದಿಲ್ಲ; ಒಳನಾಡಿನಲ್ಲಂತೂ ಈ ಪಟ್ಟಿ ಬಹಳ ಕಡೆ ಖಾಲಿ. ಆದುದರಿಂದ 2015ರಲ್ಲಿ ಅಲ್ಲಿನ ಸಂಪರ್ಕ ಆಯೋಗವು ಈ ಪಟ್ಟಿಯನ್ನು ಹಂಚಿಕೊಂಡು ಬಳಸುವ ನಿಯಮಗಳನ್ನು ಮಾಡಿತು. ಈ ಏರ್ಪಾಡನ್ನು ಸಿ.ಬಿ.ಆರ್.ಎಸ್. ಎನ್ನುತ್ತಾರೆ.

ನಮ್ಮ ಊರಿನ ದೇವಸ್ಥಾನದ ಮುಂದಣ ಗದ್ದೆಯನ್ನು ನೆನೆದುಕೊಳ್ಳಿ. ಜಾತ್ರೆಯ ದಿನ ಅದು ದೇವರದು. ಯಾರೂ ಎದುರು ಹೇಳುವಂತಿಲ್ಲ. ಬೇರೆ ದಿನಗಳಲ್ಲಿ ಬಾಡಿಗೆ ಕಟ್ಟಿದ ಯಕ್ಷಗಾನ ಮೇಳದವರು ಡೇರೆ ಹಾಕುತ್ತಾರೆ. ಅದೂ ಇಲ್ಲದಾಗ, ಅಥವಾ ಡೇರೆಯ ಆಚೆ ಉಳಿದ ಜಾಗದಲ್ಲಿ, ಹುಡುಗರು ವಾಲಿಬಾಲ್ ಆಡುತ್ತಾರೆ. ಅವರಿಗೆ ಬಾಡಿಗೆಯಿಲ್ಲ, ಹಕ್ಕಿನ ಜೋರೂ ಇಲ್ಲ. ಸಿ.ಬಿ.ಆರ್.ಎಸ್. ಹೀಗೆಯೇ ಇದೆ. ಮೊದಲ ಸ್ಥಾನ ನೌಕಾಪಡೆಯಂತಹ ಹಳೆಯ ಹಕ್ಕುದಾರರದು. ಎರಡನೆಯದು ಏಲಂನಲ್ಲಿ ಆದ್ಯತೆಯ ಲೈಸೆನ್ಸು ಪಡೆದವರದು. 2020ರಲ್ಲಿ ನಡೆದ ಆ ಏಲಂನಲ್ಲಿ ಸುಮಾರು 458 ಕೋಟಿ ಡಾಲರು ಕೂಡಿತು. ಟ್ರ್ಯಾಕ್ಟರ್ ತಯಾರಿಸುವ ಜಾನ್ ಡಿಯರ್ ಕಂಪೆನಿ ತನ್ನ ಕಾರ್ಖಾನೆಗಳಿರುವ ಐಯೋವ, ಇಲಿನಾಯ್ ರಾಜ್ಯಗಳ ಕೆಲವು ಜಿಲ್ಲೆಗಳಿಗೆ ಲೈಸೆನ್ಸು ಕೊಂಡಿತು. ಮೂರನೆಯ ಸ್ಥಾನ ಸಾಮಾನ್ಯ ಬಳಕೆದಾರರದು. ಇವರು ಲೈಸೆನ್ಸಿಗೆ ಹಣ ಕೊಡಬೇಕಾಗಿಲ್ಲ. ಒಂದು ಜಿಲ್ಲೆಯಲ್ಲಿ ಆದ್ಯತೆಯವರಿಗೆ ದೊರೆಯುವುದು 150 ಮೆಗಾಹರ್ಟ್ಸ್‌ನಲ್ಲಿ ಹೆಚ್ಚೆಂದರೆ 70. ಅವರು ಬಳಸದೆ ಬಿಟ್ಟದ್ದೂ ಸಾಮಾನ್ಯರಿಗೆ ಒದಗುತ್ತದೆ.

ಗದ್ದೆಗೆ ಒಬ್ಬ ಮೊಕ್ತೇಸರ ಬೇಡವೇ? ಇಲ್ಲಿ ಆ ಕೆಲಸವನ್ನು ಸರ್ಕಾರದ ಒಪ್ಪಿಗೆ ಪಡೆದ ಸಂಸ್ಥೆಗಳು ನಡೆಸುವ ಗಣಕಯಂತ್ರಗಳು ಮಾಡುತ್ತವೆ. ಪ್ರತಿಯೊಂದು ಆ್ಯಂಟೆನಾ ಪೆಟ್ಟಿಗೆಯೂ ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ಅಲ್ಲಿ ನೋಂದಾಯಿಸಬೇಕು. ಅಪ್ಪಣೆ ಸಿಕ್ಕಿದ ಮೇಲೆಯೂ ಆಗಾಗ ಹಾಜರಿ ಹೇಳುತ್ತಿರಬೇಕು.

ಈ ವ್ಯವಸ್ಥೆಯಲ್ಲಿ ನಮಗೆ ಬಹಳ ಹಿಡಿಸಿದ ಭಾಗವೊಂದಿದೆ. ಯುದ್ಧನೌಕೆ ತಾನು ಎಲ್ಲಿದ್ದೇನೆಂದು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಅದು ಯುದ್ಧನೌಕೆಯೇ ಅಲ್ಲ. ಹಾಗಾದರೆ ಮೊಕ್ತೇಸರನಿಗೆ ಜಾತ್ರೆಯ ದಿನ ತಿಳಿಯುವುದು ಹೇಗೆ? ಕಡಲ ಕರೆಯುದ್ದಕ್ಕೂ ಕಿವಿಗಳಂತಹ ಸಂವೇದಕಗಳನ್ನು ಇಟ್ಟಿದ್ದಾರೆ. ರಾಡಾರಿನ ಸದ್ದು ಕೇಳಿಸಿದೊಡನೆ ಅವು ಸುದ್ದಿ ಮುಟ್ಟಿಸುತ್ತವೆ. 300 ಸೆಕೆಂಡುಗಳೊಳಗೆ ಆ ಪ್ರದೇಶದ ಪೆಟ್ಟಿಗೆಗಳು ಸುಮ್ಮನಾಗಬೇಕು, ಇಲ್ಲವೇ ಖಾಲಿ ಇರುವ ಬೇರೆ ಕಂಪನಾಂಕಕ್ಕೆ ಸರಿಯಬೇಕು. ಹಡಗಿನ ಹೆಸರು ಯಾರಿಗೂ ತಿಳಿಯಬೇಕಾಗಿಲ್ಲ.

ಇನ್ನು ಜಾಲ ಕಟ್ಟುವ ಕೆಲಸ. ಮೊದಲು ಊರಿನ ಏರುತಗ್ಗು, ಮರ, ಕಟ್ಟಡಗಳನ್ನು ನೋಡಿ ಆ್ಯಂಟೆನಾ ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡಬೇಕು. ಹೊರಗೆ ನಿಲ್ಲಿಸುವ ಹೆಚ್ಚು ಶಕ್ತಿಯ ಪೆಟ್ಟಿಗೆಯನ್ನು ತರಬೇತಿ ಪಡೆದವರೇ ನಿಲ್ಲಿಸಬೇಕು. ಪೆಟ್ಟಿಗೆಯಿಂದ ಇಂಟರ್ನೆಟ್ಟಿಗೆ ಒಂದು ಗಟ್ಟಿಯಾದ ತಂತಿ ಬೇಕು. ಆಮೇಲೆ ಜಾಲದ ಚಾವಡಿ ಎನ್ನಬಹುದಾದ ಒಂದು ಗಣಕಯಂತ್ರ: ಯಾವ ಸಿಮ್ ನಮ್ಮದು, ಯಾವುದು ಅಲ್ಲ ಎಂಬ ಪುಸ್ತಕ ಅಲ್ಲಿರುತ್ತದೆ. ಸಿಮ್ ಕಾರ್ಡನ್ನು ಶಾಲೆಯೇ ಕೊಡುತ್ತದೆ. ಮಕ್ಕಳ ಮನೆಯಲ್ಲಿ ಇಡುವ ಸಣ್ಣ ಪೆಟ್ಟಿಗೆ ಈ ಅಲೆಯನ್ನು ಹಿಡಿದು ಮನೆಯೊಳಗೆ ವೈಫೈ ಮಾಡಿ ಹಂಚುತ್ತದೆ. ವೈಫೈ ಒಂದನ್ನೇ ಬಳಸಬಾರದೇ ಎಂದು ಕೇಳುವಿರಿ. ಸಾಮಾನ್ಯ ವೈಫೈ ಮನೆಯಂಗಳ ದಾಟುವಷ್ಟರಲ್ಲಿ ಸೋಲುತ್ತದೆ. ಫೋನ್ ಜಾಲದ ಒಂದು ಪೆಟ್ಟಿಗೆ ಒಂದು ಕೇರಿಯನ್ನೇ ಮುಟ್ಟಬಲ್ಲದು.

ಆದರೂ ಅದು ಮಂತ್ರದಂಡವಲ್ಲ. ಎಂಟನೆಯ ತರಗತಿಯವರೇ ಲೆಕ್ಕ ಮಾಡಬಹುದು: ಬೆಳಕಿನ ವೇಗ ಸೆಕೆಂಡಿಗೆ 30 ಕೋಟಿ ಮೀಟರು, ಕಂಪನಗಳು 360 ಕೋಟಿ. ಭಾಗಿಸಿದರೆ ಅಲೆಯ ಉದ್ದ 8 ಸೆಂಟಿಮೀಟರಿಗಿಂತ ತುಸು ಹೆಚ್ಚು. ಇಷ್ಟು ಗಿಡ್ಡ ಅಲೆಯನ್ನು ಒದ್ದೆ ಎಲೆಗಳೂ ದಪ್ಪ ಗೋಡೆಗಳೂ ನುಂಗುತ್ತವೆ. ಅಡಿಕೆ ತೋಟ, ರಬ್ಬರು ತೋಟಗಳ ನಡುವಿನ ಮನೆಗೆ ಇದು ಸುಲಭವಾಗಿ ತಲುಪದು.

ಹಾಗಾದರೆ ನಮ್ಮ ಶಾಲೆಯೂ ಆ ಪೆಟ್ಟಿಗೆಯನ್ನು ತರಿಸಬಹುದೇ? ಆಗದು. ಆ ಪಟ್ಟಿಯ ಬಹುಭಾಗವನ್ನು, 3670 ಮೆಗಾಹರ್ಟ್ಸ್‌ವರೆಗೆ, ನಮ್ಮ ದೇಶದಲ್ಲಿ 2022ರಲ್ಲಿ ಫೋನ್ ಕಂಪೆನಿಗಳ ಏಲಂಗೆ ಇಡಲಾಯಿತು. ಅದೇ ವರ್ಷ ಕೇಂದ್ರ ಸರ್ಕಾರ ಸಂಸ್ಥೆಗಳ ಸ್ವಂತ ಜಾಲಕ್ಕೂ ಮಾರ್ಗಸೂಚಿ ಹೊರಡಿಸಿತು. ಆದರೆ ಅದು ಸಂಸ್ಥೆಯ ಸ್ವಂತ ಉಪಯೋಗಕ್ಕೆ ಮಾತ್ರ, ಮಕ್ಕಳ ಮನೆಗಳಿಗೆ ಹಂಚುವುದಕ್ಕಲ್ಲ. 2018ರಲ್ಲಿ 5 ಗಿಗಾಹರ್ಟ್ಸ್‌ನ ಆಸುಪಾಸಿನ ಕೆಲವು ಪಟ್ಟಿಗಳನ್ನು ಲೈಸೆನ್ಸಿನಿಂದ ಬಿಡುಗಡೆ ಮಾಡಿದ್ದರಿಂದ, ಎದುರುಬದುರಾಗಿ ಕಾಣುವ ಎರಡು ಗುಡ್ಡಗಳ ನಡುವೆ ಕೊಂಡಿ ಹಾಕುವುದು ಸಾಧ್ಯ.

ಯಾವ ಜಾಲಕ್ಕಾದರೂ ಮೊದಲ ಕೆಲಸ ಜಾಗದ ನಕ್ಷೆ. ನಮ್ಮ ವಿಜ್ಞಾನ ಸಂಘದ ಮಕ್ಕಳು ಎಲ್ಲಿ ರೇಂಜ್ ಇದೆ, ಎಲ್ಲಿ ಇಲ್ಲ ಎಂಬ ನಕ್ಷೆಯನ್ನು ಬರೆಯತೊಡಗಿದ್ದಾರೆ. ಹೊಳೆಯಾಚೆಯ ಮನೆಗಳ ವಿವರ ಇನ್ನೂ ಬಂದಿಲ್ಲ. ಅಲ್ಲಿನ ತಂದೆತಾಯಂದಿರು ಜಗಲಿಯಲ್ಲಿ, ಅಡುಗೆಮನೆಯಲ್ಲಿ, ಅಂಗಳದಲ್ಲಿ ಫೋನಿನ ಗೆರೆಗಳು ಎಷ್ಟೆಂದು ನೋಡಿ ಮಕ್ಕಳ ಕೈಯಲ್ಲಿ ಬರೆದು ಕಳುಹಿಸಬೇಕಾಗಿ ಕೋರುತ್ತೇವೆ.