ಕರಗುವುದೂ ಕರಗಿರುವುದೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ರಸಾಯನಶಾಸ್ತ್ರದ ಮಾತೆತ್ತಿದರೆ ಗೆಳೆಯರು ನಕ್ಕಾರು, ಅಧ್ಯಾಪಕರು ಹುಬ್ಬೇರಿಸಿಯಾರು. ನಾನು ಆ ಶಾಸ್ತ್ರವನ್ನು ಓದಿದ್ದು ಹತ್ತನೆಯ ತರಗತಿಯವರೆಗೆ ಮಾತ್ರ. ‘ದ್ರಾವಣಗಳು’ ಎಂಬ ಪಾಠವನ್ನು ಬಾಯಿಪಾಠ ಮಾಡಿ, ಅಂಕ ಪಡೆದು, ಮರೆತೂ ಬಿಟ್ಟಿದ್ದೆ. ಕಳೆದ ಬೇಸಿಗೆಯ ರಜೆಯಲ್ಲಿ ಮನೆಯ ಒಲೆಯ ಮುಂದೆ ಕುಳಿತಾಗ ಅದು ಮತ್ತೆ ಎದುರಿಗೆ ಬಂದಿತು.

ನಮ್ಮ ಊರು ಬೋನಾಳ ಕೆರೆಯ ಆಚೆಗಿದೆ. ಓಣಿಯ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆಯೆಂದು ಕೇಳಿದಂದಿನಿಂದ ನಮ್ಮ ಅವ್ವ ಕುಡಿಯುವ ನೀರನ್ನು ಬಹಳ ಹೊತ್ತು ಕುದಿಸತೊಡಗಿದ್ದಳು. ಪಾತ್ರೆಯ ತಳದಲ್ಲಿ ಕಚ್ಚಿಕೊಂಡಿದ್ದ ಬಿಳಿಯ ಪದರನ್ನು ಉಗುರಿನಿಂದ ಕೆರೆದು ತೋರಿಸಿ, “ನೋಡಪಾ, ಕುದಿಸಿದ್ರ ಹೊಲಸೆಲ್ಲ ಹಿಂಗ ತಳಕ್ಕ ಕೂಡ್ತದ. ಇನ್ನ ನೀರಾಗ ಏನ್ ಉಳೀತದ?” ಎಂದಳು. ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಮೂರು ವರ್ಷ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದಿದವನು ನಾಚಿಕೆಪಟ್ಟು, ತಂಗಿಯ ಶಾಲಾ ಪುಸ್ತಕವನ್ನು ತೆಗೆದೆ. ಅಲ್ಲಿಂದ ತಿಳಿದುಕೊಂಡದ್ದನ್ನು, ಆಮೇಲೆ ಅಲ್ಲಿ ಇಲ್ಲಿ ಓದಿ ಕೂಡಿಸಿದ್ದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ಮಾತುಗಳ ಅರ್ಥ. ಕರಗುವ ವಸ್ತು ದ್ರಾವ್ಯ, ಕರಗಿಸಿಕೊಳ್ಳುವುದು ದ್ರಾವಕ, ಎರಡೂ ಸೇರಿದ್ದು ದ್ರಾವಣ. ಉಪ್ಪು ದ್ರಾವ್ಯ, ನೀರು ದ್ರಾವಕ. ಇಷ್ಟು ಎಲ್ಲರಿಗೂ ಗೊತ್ತು. ನಾವು ತಪ್ಪುವುದು ಇದರ ಮುಂದಿನ ಎರಡು ಮಾತುಗಳಲ್ಲಿ. ಒಂದು ವಸ್ತು ಹೆಚ್ಚೆಂದರೆ ಎಷ್ಟು ಕರಗಬಲ್ಲದು ಎಂಬುದು ಅದರ ವಿಲೇಯತೆ. ಈಗ ಈ ನೀರಿನಲ್ಲಿ ಎಷ್ಟು ಕರಗಿದೆ ಎಂಬುದು ದ್ರಾವಣದ ಸಾರತೆ. ಮೊದಲನೆಯದು ಆ ವಸ್ತುವಿನ ಗುಣ. ಎರಡನೆಯದು ಈ ಒಂದು ಕೊಡದ, ಈ ಒಂದು ಬಾವಿಯ ಸುದ್ದಿ. ಪರೀಕ್ಷೆಯಲ್ಲಿ ಇವೆರಡನ್ನೂ ಒಂದೇ ಎಂದು ಬರೆದು ನಾನು ಎರಡು ಅಂಕ ಕಳೆದುಕೊಂಡದ್ದು ಈಗಲೂ ನೆನಪಿದೆ.

ವಿಲೇಯತೆಯನ್ನು ಮನೆಯಲ್ಲಿಯೇ ನೋಡಬಹುದು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 40 ಗ್ರಾಂ ಪುಡಿಯುಪ್ಪು ತೂಗಿಸಿಕೊಂಡು ಬಂದು, 100 ಮಿಲಿಲೀಟರ್ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಕಿದೆ. ಸುಮಾರು 36 ಗ್ರಾಂ ಕರಗಿದ ಮೇಲೆ ಉಳಿದದ್ದು ಎಷ್ಟು ತಿರುವಿದರೂ ತಳದಲ್ಲಿಯೇ ಕುಳಿತಿತು. ಇದು ಸಂತೃಪ್ತ ದ್ರಾವಣ. ಕುದಿಯುವ ನೀರಿನಲ್ಲಿಯೂ ಉಪ್ಪು 39 ಗ್ರಾಮಿನಷ್ಟೇ ಕರಗುತ್ತದೆ. ಬಿಸಿಯಿಂದ ಅದಕ್ಕೆ ದೊಡ್ಡ ಲಾಭವಿಲ್ಲ. ಸಕ್ಕರೆಯ ದಾರಿ ಬೇರೆ. ತಣ್ಣೀರಿನಲ್ಲಿಯೇ ನೀರಿನ ತೂಕದ ಎರಡು ಪಟ್ಟು ಕರಗುತ್ತದೆ, ಬಿಸಿಯಾದಷ್ಟೂ ಇನ್ನೂ ಹೆಚ್ಚು. ಮಿಠಾಯಿಯವನ ಪಾಕ ನಿಂತಿರುವುದು ಇದರ ಮೇಲೆಯೇ. ಸುಣ್ಣ ಮಾತ್ರ ಹಟಮಾರಿ: ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ.

ಇನ್ನು ನಮ್ಮ ನೆಲದ ಕಥೆಗೆ ಬರೋಣ. ಫ್ಲೋರೈಡು ಇರುವ ಖನಿಜಗಳಲ್ಲಿ ಒಂದು ಕ್ಯಾಲ್ಸಿಯಂ ಫ್ಲೋರೈಡ್. ಪುಸ್ತಕದಲ್ಲಿ ಇದನ್ನು ‘ಕರಗದ ವಸ್ತು’ ಎಂದು ಪಟ್ಟಿ ಮಾಡಿರುತ್ತಾರೆ. ಆದರೆ ಪೂರಾ ಕರಗದ ಕಲ್ಲು ಲೋಕದಲ್ಲಿ ಇಲ್ಲ. ಒಂದು ಲೀಟರ್ ಶುದ್ಧ ನೀರಿನಲ್ಲಿ ಇದು ಸುಮಾರು 16 ಮಿಲಿಗ್ರಾಂ ಕರಗುತ್ತದೆ. ಉಪ್ಪಾದರೋ ಅದೇ ಒಂದು ಲೀಟರಿನಲ್ಲಿ 360 ಗ್ರಾಂ! ಅದರ ಮುಂದೆ ಇದು ಯಾವ ಲೆಕ್ಕ ಎನಿಸೀತು. ಆ 16 ಮಿಲಿಗ್ರಾಮಿನಲ್ಲಿ ಹೆಚ್ಚುಕಡಿಮೆ ಅರ್ಧ, ಎಂದರೆ ಸುಮಾರು 8 ಮಿಲಿಗ್ರಾಂ, ಫ್ಲೋರೈಡ್. ಕುಡಿಯುವ ನೀರಿಗೆ ಭಾರತೀಯ ಮಾನಕವು ಇಟ್ಟಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ; ಬೇರೆ ನೀರಿನ ಆಸರೆ ಇಲ್ಲದಿದ್ದರೆ 1.5ರವರೆಗೆ. ಹಲ್ಲನ್ನು ಕಲೆಗಟ್ಟಿಸಲು, ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲುಗಳನ್ನು ಬಿಗಿಹಿಡಿಸಲು ‘ಕರಗದ’ ಕಲ್ಲೇ ಸಾಕು. ಉಪ್ಪು ಧಾರಾಳವಾಗಿ ಕರಗಿಯೂ ನಮಗೆ ಅಡಿಗೆಯ ರುಚಿ. ಇದು ಕರಗಿಯೂ ಕರಗದಂತಿದ್ದು ಕೇಡು.

ಸಾರತೆಯನ್ನು ತಿಳಿಯಲು ಬೋನಾಳ ಕೆರೆಗಿಂತ ಒಳ್ಳೆಯ ಪ್ರಯೋಗಶಾಲೆ ನನಗೆ ಕಾಣದು. ಸುರಪುರದ ನಾಯಕರ ಕಾಲದ ಈ ಕೆರೆಯನ್ನು 19ನೆಯ ಶತಮಾನದ ಮಧ್ಯದಲ್ಲಿ, ಆಗ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಸಾಹೇಬರು ದೊಡ್ಡದು ಮಾಡಿಸಿದರು. ಈಗ ಇದು ಪಕ್ಷಿಧಾಮ. ಚಳಿಗಾಲದಲ್ಲಿ ದೂರದ ನಾಡುಗಳಿಂದ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿಯುತ್ತದೆ. ಹಾಗೆ ಸರಿಯಲು ದಾರಿ ಎರಡು. ತೂಬಿನಿಂದ ಹೊಲಕ್ಕೆ ಹೋದ ನೀರು ತನ್ನಲ್ಲಿ ಕರಗಿದ್ದನ್ನೂ ಕೂಡಿಕೊಂಡೇ ಹೋಗುತ್ತದೆ. ಉಳಿದ ನೀರಿನ ಸಾರತೆ ಮೊದಲಿದ್ದಷ್ಟೇ. ಸೂರ್ಯನು ಕುಡಿದ ನೀರು ಹಾಗಲ್ಲ. ಅದು ಆವಿಯಾಗಿ ಮೇಲೇರುವಾಗ ಲವಣವನ್ನೆಲ್ಲ ಕೆರೆಯಲ್ಲಿಯೇ ಬಿಟ್ಟು ಹೋಗುತ್ತದೆ. ಬರಿಯ ಬಿಸಿಲಿನಿಂದಲೇ ಒಂದು ಕೆರೆಯ ನೀರು ಅರ್ಧವಾದರೆ ಅದರ ಸಾರತೆ ಎರಡರಷ್ಟಾಗುತ್ತದೆ. ಕಾಲುವೆಯ ನೀರು ನಿಂತು ಇಂಗದ ಹೊಲಗಳಲ್ಲಿ ನೆಲ ಸವಳಾಗುವುದೂ ಹೀಗೆಯೇ; ನಾರಾಯಣಪುರದ ಕಾಲುವೆಯ ಕೆಳಗಿನ ರೈತರಿಗೆ ಈ ಪಾಠವನ್ನು ಯಾರೂ ಕಲಿಸಬೇಕಾಗಿಲ್ಲ.

ಸಾರತೆಯ ಲೆಕ್ಕ ಎಷ್ಟು ಸೂಕ್ಷ್ಮವೆಂಬುದಕ್ಕೆ ನಮ್ಮ ತಾಲ್ಲೂಕಿನದೇ ಒಂದು ಕಠಿಣವಾದ ಉದಾಹರಣೆ ಇದೆ. ಹಿಂದೆ ಚಿನ್ನದ ಗಣಿ ನಡೆದಿದ್ದ ಮಂಗಳೂರಿನ (ಕಡಲತೀರದ್ದಲ್ಲ, ಸುರಪುರ ಸೀಮೆಯದು) ಸುತ್ತಿನ ನೀರನ್ನು ಪರೀಕ್ಷಿಸಿದ ವಿಜ್ಞಾನಿಗಳ ವರದಿ 2013ರಲ್ಲಿ ಪ್ರಕಟವಾಯಿತು. ಕಿರದಳ್ಳಿ ತಾಂಡಾದ ಹೆಸರು ಲೋಕಕ್ಕೆ ತಿಳಿದದ್ದು ಇಂಥದೇ ಕಾರಣದಿಂದ. 59 ಕೊಳವೆ ಬಾವಿಗಳ ಪೈಕಿ ಶೇಕಡಾ 79ರಲ್ಲಿ ಆರ್ಸೆನಿಕ್ ಮಿತಿಯನ್ನು ಮೀರಿತ್ತು. ಪರೀಕ್ಷಿಸಿದ 181 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತುಗಳಿದ್ದವು. ಅತಿ ಹೆಚ್ಚೆಂದರೆ ಸಿಕ್ಕಿದ ಪ್ರಮಾಣ ಲೀಟರಿಗೆ 0.303 ಮಿಲಿಗ್ರಾಂ; ಮಿತಿ 0.01. ಹದಿನೈದು ಲೀಟರಿನ ಒಂದು ಕೊಡಕ್ಕೆ ಲೆಕ್ಕ ಹಾಕಿದರೆ ನಾಲ್ಕೂವರೆ ಮಿಲಿಗ್ರಾಂ ಆಯಿತು. ಒಂದೆರಡು ಎಳ್ಳುಕಾಳಿನ ತೂಕ! ಆ ಕೊಡದ ನೀರು ಕಣ್ಣಿಗೆ ತಿಳಿ, ನಾಲಿಗೆಗೆ ಸಪ್ಪೆ. ಬಟ್ಟೆಯಲ್ಲಿ ನಾಲ್ಕು ಮಡಿಕೆ ಮಾಡಿ ಸೋಸಿದರೂ ಒಂದು ಕಣವೂ ಸಿಕ್ಕದು; ಕರಗಿರುವುದನ್ನು ಬಟ್ಟೆ ಹಿಡಿಯಲಾರದು.

ಈಗ ಅವ್ವನ ಪಾತ್ರೆಗೆ ಮರಳುತ್ತೇನೆ. ತಳದ ಬಿಳಿಯ ಪದರು ಬಹುಮಟ್ಟಿಗೆ ಸುಣ್ಣದ ಜಾತಿಯದು, ಕ್ಯಾಲ್ಸಿಯಂ ಕಾರ್ಬೊನೇಟ್. ಗಡಸು ನೀರನ್ನು ಕುದಿಸಿದಾಗ ಅದು ಬೇರ್ಪಟ್ಟು ತಳ ಸೇರುತ್ತದೆ. ಅವ್ವ ಕಂಡದ್ದು ಸುಳ್ಳಲ್ಲ. ಆದರೆ ಕೂತದ್ದು ಒಂದು, ಉಳಿದದ್ದು ಇನ್ನೊಂದು. ಕುದಿಸಿದರೆ ರೋಗದ ಕ್ರಿಮಿಗಳು ಸಾಯುತ್ತವೆ, ಅದಕ್ಕಾಗಿ ಕುದಿಸುವುದು ಸರಿಯೇ. ಫ್ಲೋರೈಡು ಕ್ರಿಮಿಯಲ್ಲ, ಸಾಯುವುದಿಲ್ಲ. ಆವಿಯೊಡನೆ ಹಾರಿಯೂ ಹೋಗದು.

ನಮ್ಮ ಬಾವಿಯ ನೀರಿನ ಪರೀಕ್ಷೆಯ ಚೀಟಿ ಸಿಕ್ಕಿತು. ಅವ್ವನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. 1.2 ಎಂದು ಬರೆದಿತ್ತು. “ಹತ್ತು ಲೀಟರ್ ನೀರಾಗ ಹನ್ನೆರಡು ಮಿಲಿಗ್ರಾಂ ಅದ ಅಂದಂಗಾತು. ನೀ ಕುದಿಸಿ ಕುದಿಸಿ ಎಂಟು ಲೀಟರ್ ಉಳಿಸ್ತಿ. ಹನ್ನೆರಡು ಹಂಗೇ ಇರ್ತದ. ಎಂಟರಾಗ ಹನ್ನೆರಡು ಅಂದ್ರ ಒಂದಕ್ಕ ಎಷ್ಟು?” ಎಂದೆ. ಸಂತೆಯಲ್ಲಿ ಕಾಯಿಪಲ್ಲೆ ಮಾರಿ ನನ್ನನ್ನು ಓದಿಸಿದವಳಿಗೆ ಈ ಲೆಕ್ಕ ಎಷ್ಟರದು? “ಒಂದೂವರಿ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಲೆಯೊಳಗಿನ ಕಟ್ಟಿಗೆಯನ್ನು ಹಿಂದಕ್ಕೆಳೆದಳು.

ಈಗ ಕುಡಿಯುವ ನೀರನ್ನು ಶುದ್ಧೀಕರಣ ಘಟಕದಿಂದ ತರುತ್ತೇವೆ. ಅಲ್ಲಿ ನೀರನ್ನು ಒತ್ತಡದಿಂದ ತೆಳುವಾದ ಪೊರೆಯ ಮೂಲಕ ದಾಟಿಸುತ್ತಾರೆ. ನೀರು ದಾಟುತ್ತದೆ, ಲವಣಗಳ ಬಹುಪಾಲು ಈಚೆಯೇ ಉಳಿಯುತ್ತದೆ. ಇದನ್ನು ವಿವರಿಸುತ್ತಿರುವಾಗ ಅವ್ವ ನಡುವೆ ತಡೆದು ಕೇಳಿದಳು: “ಈಚೆ ಉಳದದ್ದು ಎಲ್ಲಿ ಹೋಗ್ತದ?” ಪುಸ್ತಕದಲ್ಲಿ ಆ ಪ್ರಶ್ನೆ ಇರಲಿಲ್ಲ. ಮರುದಿನ ಹೋಗಿ ನೋಡಿದೆ. ಘಟಕದ ಹಿಂದಿನಿಂದ ಒಂದು ಕೊಳವೆ ಹೊರಬಂದಿತ್ತು. ಲವಣವೆಲ್ಲ ಮಡುಗಟ್ಟಿದ ಆ ನೀರು ಚರಂಡಿಯಲ್ಲಿ ಹರಿದು ಊರ ಹೊರಗಿನ ತಗ್ಗಿಗೆ ಸೇರುತ್ತಿತ್ತು. ತಗ್ಗಿನಲ್ಲಿ ಎರಡು ಎಮ್ಮೆಗಳು ನೀರು ಕುಡಿಯುತ್ತಿದ್ದವು.