ಸೊಂಟದ ಮೂಳೆಗೆ ಸೂಜಿ: ಮಜ್ಜೆ ಪರೀಕ್ಷೆಗೆ ಮುನ್ನ ಮತ್ತು ಆಮೇಲೆ

ಸುಸ್ತು, ತಲೆಸುತ್ತು, ಮುಖ ಬಿಳಿಚಿಕೊಂಡಿದೆ ಎಂದರೆ ಹಳ್ಳಿಗಳಲ್ಲಿ ಮೊದಲು ನೆನಪಾಗುವುದು ‘ಶಕ್ತಿ ಇಂಜೆಕ್ಷನ್’. ಅದರಲ್ಲಿ ಬಿ12 ಇದ್ದರೆ ಪತ್ತೆಯ ದಾರಿ ಅಲ್ಲಿಯೇ ತಪ್ಪಬಹುದು. ಬಿ12 ಕೊರತೆ ಮಜ್ಜೆಯಲ್ಲಿ, ಅಂದರೆ ಮೂಳೆಯೊಳಗೆ ರಕ್ತಕಣ ತಯಾರಾಗುವ ಜಾಗದಲ್ಲಿ, ಮೂಡಿಸಿದ ಗುರುತುಗಳು ಇಂಜೆಕ್ಷನ್ ಬಿದ್ದ ಒಂದೆರಡು ದಿನದಲ್ಲೇ ಮಾಸತೊಡಗುತ್ತವೆ. ಸ್ಟೀರಾಯ್ಡ್ ಮಾತ್ರೆ ಇನ್ನೂ ಅಪಾಯಕಾರಿ. ಮಕ್ಕಳ ರಕ್ತ ಕ್ಯಾನ್ಸರನ್ನು ಕೆಲಕಾಲ ಮರೆಮಾಚಿಬಿಡುತ್ತದೆ.

ಹಾಗಾಗಿ ಔಷಧಕ್ಕೆ ಮೊದಲು ರಕ್ತದ ಮಾದರಿ ಕೊಡಬೇಕು. ಸಿಬಿಸಿ (ರಕ್ತಕಣಗಳ ಎಣಿಕೆ) ಜೊತೆಗೆ ‘ಪೆರಿಫೆರಲ್ ಸ್ಮಿಯರ್’ ಮಾಡಿಸಲು ಕೇಳಿ. ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡ್ ಮೇಲೆ ತೆಳುವಾಗಿ ಹರಡಿ, ಬಣ್ಣ ಹಾಕಿ ನೋಡುವ ಪರೀಕ್ಷೆ ಇದು. ಕಬ್ಬಿಣಾಂಶ, ಬಿ12 ಪ್ರಮಾಣವೂ ಗೊತ್ತಾದರೆ ಎಷ್ಟೋ ಜನರಿಗೆ ಮುಂದಿನ ಹೆಜ್ಜೆಯಾದ ಮಜ್ಜೆ ಪರೀಕ್ಷೆಯೇ ಬೇಕಾಗುವುದಿಲ್ಲ.

ಚಾಮರಾಜನಗರ ಜಿಲ್ಲೆಯ ಮಟ್ಟಿಗೆ ಇನ್ನೊಂದು ಮಾತು ಸೇರಿಸಲೇಬೇಕು. ಭಾರತದಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದೋಷ ಮೊದಲು ವರದಿಯಾದದ್ದು 1952ರಲ್ಲಿ, ಬಂಡೀಪುರದಾಚೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ. ಸೋಲಿಗ, ಜೇನುಕುರುಬ ಕುಟುಂಬಗಳಲ್ಲಿ ರಕ್ತಹೀನತೆ, ಕೈಕಾಲು ನೋವು, ಪದೇ ಪದೇ ಕಾಮಾಲೆ ಕಂಡರೆ ಎಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆಯೇ ಉತ್ತರ ಕೊಡುತ್ತದೆ. ಇದಕ್ಕಾಗಿ ಮೂಳೆಗೆ ಸೂಜಿ ಹಾಕಿಸಬೇಕಿಲ್ಲ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ ಗುರಿಯೂ ರಕ್ತತಪಾಸಣೆಯಿಂದಲೇ ರೋಗಿಗಳನ್ನು, ವಾಹಕರನ್ನು ಗುರುತಿಸುವುದು.

ಹಾಗಾದರೆ ಮಜ್ಜೆ ಪರೀಕ್ಷೆ ಯಾವಾಗ? ಕೆಂಪು, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕಾರಣ ತಿಳಿಯದೆ ಕುಸಿದಾಗ, ಸ್ಮಿಯರ್‌ನಲ್ಲಿ ಬಲಿಯದ ಕಣಗಳು ಕಂಡಾಗ, ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿನ ಅನುಮಾನವಿದ್ದಾಗ, ಇಳಿಯದ ಜ್ವರದ ಮೂಲ ಸಿಗದಾಗ.

ಇದು ತಾಲ್ಲೂಕು ಆಸ್ಪತ್ರೆಯಲ್ಲಿ ಮುಗಿಯುವ ಕೆಲಸವಲ್ಲ. ಚಾಮರಾಜನಗರದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಮೊದಲು ವಿಚಾರಿಸಿ. ಅಲ್ಲಿಂದ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಬರೆದುಕೊಟ್ಟರೆ ರೆಫರಲ್ ಚೀಟಿ, ಬಿಪಿಎಲ್ ಕಾರ್ಡ್, ಆಧಾರ್, ಹಳೆಯ ವರದಿಗಳನ್ನೆಲ್ಲ ಒಂದೇ ಫೈಲಿನಲ್ಲಿ ಒಯ್ಯಿರಿ. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ತಾವಾಗಿ ನಿಲ್ಲಿಸಬೇಡಿ. ತೋಟಕ್ಕೆ ಕೀಟನಾಶಕ ಸಿಂಪಡಿಸುವವರು ಅದನ್ನೂ ತಿಳಿಸಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ಉಪವಾಸ ಬೇಡ, ಮಂಪರು ಕೊಡುವ ಮಕ್ಕಳಿಗೆ ಬೇಕು.

‘ಬೆನ್ನುಹುರಿಗೆ ಚುಚ್ತಾರೆ, ಕಾಲು ಬಿದ್ದೋಗುತ್ತೆ’ ಎಂಬ ಹೆದರಿಕೆಗೆ ಬುಡವಿಲ್ಲ. ಸೂಜಿ ಹೋಗುವುದು ಸೊಂಟದ ಹಿಂಬದಿಯ ಮೂಳೆಗೆ, ಬೆನ್ನುಹುರಿಯಿಂದ ದೂರಕ್ಕೆ. ರೋಗಿ ಒಂದು ಮಗ್ಗುಲಿಗೆ ಮಲಗಿ ಮೊಣಕಾಲು ಮಡಚಿಕೊಳ್ಳುತ್ತಾರೆ. ಚರ್ಮ ಹಾಗೂ ಮೂಳೆಯ ಹೊರಪದರಕ್ಕೆ ಮರಗಟ್ಟುವ ಔಷಧ ಕೊಡುತ್ತಾರೆ. ಆಮೇಲೆ ಸೂಜಿಯನ್ನು ತಿರುಗಿಸುತ್ತ ಒತ್ತಿದಾಗ ಭಾರ ಮಾತ್ರ ತಿಳಿಯುತ್ತದೆ. ಮಜ್ಜೆಯನ್ನು ಸಿರಿಂಜಿಗೆ ಎಳೆಯುವ ಕೆಲವು ಸೆಕೆಂಡು ಮಾತ್ರ ಸೊಂಟದಿಂದ ತೊಡೆಯವರೆಗೆ ಜಗ್ಗಿದ ಹಾಗೆ ನೋವು. ಆ ಹೊತ್ತಿಗೆ ನಿಧಾನವಾಗಿ ಉಸಿರು ಬಿಡುತ್ತಿದ್ದರೆ ಸಹಿಸಬಹುದು. ನಂತರ ಒಂದೆರಡು ಸೆಂಟಿಮೀಟರ್ ಉದ್ದದ ಮೂಳೆಯ ಎಳೆಯನ್ನು ತೆಗೆಯುತ್ತಾರೆ. ಸಿರಿಂಜಿಗೆ ದ್ರವ ಬಾರದಿದ್ದರೂ ಈ ಎಳೆಯೇ ರೋಗ ಹೇಳಬಲ್ಲದು. ಒಟ್ಟು ಅರ್ಧ ಗಂಟೆಯ ಕೆಲಸ.

ಆಮೇಲೆ ಸ್ವಲ್ಪ ಹೊತ್ತು ಗಾಯದ ಮೇಲೆ ಒತ್ತಡ ಬೀಳುವಂತೆ ಅಂಗಾತ ಮಲಗಬೇಕು. ಒಂದು ದಿನ ಬ್ಯಾಂಡೇಜ್ ಒದ್ದೆಯಾಗಬಾರದು, ಭಾರ ಎತ್ತಬಾರದು. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್ ಬೇಡ.

ದ್ರವದ ವರದಿ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಬರುತ್ತದೆ. ಮೂಳೆಯ ಚೂರಿನ ಸುಣ್ಣದಂಶ ಕರಗಿಸಿ ಮೆದು ಮಾಡಬೇಕಾದ್ದರಿಂದ ಅದಕ್ಕೆ ವಾರವೂ ಹಿಡಿಯಬಹುದು. ಎರಡೂ ಕೈಸೇರುವ ತನಕ ‘ಏನೂ ಇಲ್ಲ’ ಎಂದುಕೊಂಡು ಊರಲ್ಲಿ ಉಳಿದುಬಿಡಬೇಡಿ. ಒಸಡಿನಲ್ಲಿ ರಕ್ತ, ಚರ್ಮದ ಮೇಲೆ ಕೆಂಪು ಚುಕ್ಕೆ, ಚಳಿಜ್ವರ ಕಾಣಿಸಿದರೆ ವರದಿಗೂ ಕಾಯದೆ ಆಸ್ಪತ್ರೆಗೆ ಹೋಗಿ.